ರಾಜಂ ಹೇಳದ ಮಾತು

ಹೋದ ತಿಂಗಳು ಒಂದು ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ದೂರದರ್ಶನದ ಹಳೆಯ ಧಾರಾವಾಹಿ ‘ಮಾಲ್ಗುಡಿ ಡೇಸ್’ ಹಾಕಿಕೊಂಡು ಸ್ವಾಮಿಯ ಕಂತುಗಳನ್ನು ಒಂದಾದ ಮೇಲೊಂದು ನೋಡುತ್ತಾ ಹೋದೆ. ಕೊನೆಯ ಕಂತಿಗೆ ಬರುವಾಗ ಗಂಟೆ ಎರಡಾಗಿತ್ತು. ರೈಲ್ವೆ ಸ್ಟೇಷನ್. ಸ್ವಾಮಿಯ ಗೆಳೆಯ ರಾಜಂ ಮಾಲ್ಗುಡಿ ಬಿಟ್ಟು ಹೊರಟಿದ್ದಾನೆ. ಕ್ರಿಕೆಟ್ ಮ್ಯಾಚಿಗೆ ಬರದೆ ಕೈಕೊಟ್ಟ ಸ್ವಾಮಿಯ ಮೇಲೆ ಅವನಿಗೆ ಇನ್ನೂ ಕೋಪ ಇದೆ. ಸ್ವಾಮಿ ಅವನಿಗೆ ಕೊಡಲು ಒಂದು ಪುಸ್ತಕ ಹಿಡಿದುಕೊಂಡು ಬಂದಿದ್ದಾನೆ. ನಾನು ದಿಂಬಿಗೆ ಒರಗಿ ಕೂತು ಆ ಒಂದು ಮಾತಿಗಾಗಿ ಕಾದೆ. ರೈಲು ಹೊರಡುವಾಗ ರಾಜಂ ಹೇಳುತ್ತಾನಲ್ಲ, ‘ಬೇಸಿಗೆ ರಜಕ್ಕೆ ಬರ್ತೀನಿ’ ಅಂತ, ಆ ಮಾತು. ರೈಲು ಹೊರಟಿತು. ಮಾತು ಬರಲಿಲ್ಲ. ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದೆ. ಇಯರ್‌ಫೋನ್ ಹಾಕಿಕೊಂಡು ಮೂರನೇ ಸಲ ನೋಡಿದೆ. ರಾಜಂ ಅಂಥದ್ದೇನೂ ಹೇಳುವುದಿಲ್ಲ.

ಮಾರನೇ ದಿನ ಪುಸ್ತಕ ಹುಡುಕಿ ತೆಗೆದೆ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’, 1935ರಲ್ಲಿ ಬಂದದ್ದು. ಅದರ ಕೊನೆಯ ಪುಟಗಳಲ್ಲಿ ರಾಜಂ ಏನೋ ಹೇಳುವವನ ಹಾಗೆ ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಗಾರ್ಡ್ ಸೀಟಿ ಊದುತ್ತಾನೆ, ಎಂಜಿನ್ ಕೂಗುತ್ತದೆ. ಅವನು ಏನು ಹೇಳಲು ಹೊರಟಿದ್ದ ಅನ್ನುವುದು ಸ್ವಾಮಿಗೂ ಗೊತ್ತಾಗುವುದಿಲ್ಲ, ಓದುವ ನಮಗೂ ಗೊತ್ತಾಗುವುದಿಲ್ಲ. ನಾರಾಯಣ್ ಬೇಕಂತಲೇ ಖಾಲಿ ಬಿಟ್ಟ ಜಾಗ ಅದು. ಆ ಖಾಲಿ ಜಾಗದಲ್ಲಿ ನನಗೆ ಮಾತ್ರ ಒಂದು ಮಾತು ಕೇಳಿಸಿದೆ. ಮೂವತ್ತೈದು ವರ್ಷಕ್ಕಿಂತ ಜಾಸ್ತಿ ಕಾಲ ಅದನ್ನು ನಿಜ ಅಂತಲೇ ನಂಬಿಕೊಂಡಿದ್ದೆ. ಬೇಸಿಗೆ ರಜಕ್ಕೆ ರಾಜಂ ವಾಪಸ್ ಬಂದಿರುತ್ತಾನೆ, ಅವರಿಬ್ಬರೂ ಮತ್ತೆ ಒಂದಾಗಿರುತ್ತಾರೆ ಅಂದುಕೊಂಡೇ ದೊಡ್ಡವನಾದೆ.

ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ನನ್ನ ನೆನಪಿನಲ್ಲಿರುವ ಆ ಮಾತು ಕನ್ನಡದಲ್ಲಿದೆ. ಧಾರಾವಾಹಿ ಇದ್ದದ್ದು ಹಿಂದಿಯಲ್ಲಿ. ಯೋಚನೆ ಮಾಡಿದರೆ, ಸ್ವಾಮಿಯ ಒಂದೇ ಒಂದು ಮಾತೂ ನನಗೆ ಹಿಂದಿಯಲ್ಲಿ ನೆನಪಿಲ್ಲ. ತಲೆನೋವು ಅಂತ ಸುಳ್ಳು ಹೇಳಿ ಸ್ಕೂಲು ತಪ್ಪಿಸಲು ನೋಡುವ ಸ್ವಾಮಿ ಕನ್ನಡದಲ್ಲೇ ನರಳುತ್ತಾನೆ. ಒಬ್ಬನೇ ಮಲಗು ಅಂತ ಅಪ್ಪ ಹಟ ಹಿಡಿದಾಗ ಕನ್ನಡದಲ್ಲೇ ಗೋಗರೆಯುತ್ತಾನೆ. ಕತ್ತಲಲ್ಲಿ ಕಳ್ಳನ ಕಾಲು ಕಚ್ಚಿದಾಗ ಆ ಕಳ್ಳ ‘ಅಯ್ಯಪ್ಪಾ’ ಅಂತಲೇ ಕೂಗುತ್ತಾನೆ. ಮೊಬೈಲಿನಲ್ಲಿ ಮತ್ತೆ ನೋಡುವಾಗ ಆ ಹುಡುಗನ ಬಾಯಿಂದ ಹಿಂದಿ ಬರುವುದು ಕೇಳಿ, ಯಾರೋ ಅವನ ದನಿಯನ್ನು ಬದಲಾಯಿಸಿಬಿಟ್ಟಿದ್ದಾರೆ ಅನ್ನಿಸಿತು. ಬದಲಾಯಿಸಿದ್ದು ಮೊದಲಿನದ್ದು, ಈಗಿನದ್ದಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೇ ಅದು ಬದಲಾಗಿತ್ತು.

ಅಡಕತ್ತರಿ ನಿಲ್ಲುವ ಹೊತ್ತು

ನಾನು ನಾಲ್ಕನೇ ಕ್ಲಾಸಿನಲ್ಲಿ ಶಿವಮೊಗ್ಗದ ಅಜ್ಜಿ ಮನೆಯಲ್ಲಿದ್ದೆ. ನಮ್ಮೂರಿನ ಸ್ಕೂಲು ದೂರ, ಮಳೆಗಾಲದಲ್ಲಿ ಹಳ್ಳ ದಾಟಿ ಹೋಗಬೇಕು ಅಂತ ಅಪ್ಪ ಅಮ್ಮ ಅಲ್ಲಿ ಬಿಟ್ಟಿದ್ದರು. ಮನೆಯಲ್ಲಿ ಅಜ್ಜಿ, ಸಣ್ಣ ಮಾವ, ಕಾಲೇಜಿಗೆ ಹೋಗುತ್ತಿದ್ದ ಚಿಕ್ಕಮ್ಮ. ಸಣ್ಣ ಮಾವ ಕಂತಿನ ಮೇಲೆ ತಂದ ಬ್ಲಾಕ್ ಅಂಡ್ ವೈಟ್ ಟಿವಿ ನಡುಮನೆಯಲ್ಲಿತ್ತು. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದು ಮುಚ್ಚುವ ಬಾಗಿಲು, ಮೇಲೆ ಚಿಕ್ಕಮ್ಮ ಕ್ರೋಶಾದಲ್ಲಿ ಹೆಣೆದ ಬಿಳಿ ಬಟ್ಟೆ. ಗಾಳಿ ಜೋರಾದರೆ ಸಣ್ಣ ಮಾವ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು. ಕೆಳಗೆ ಕಿಟಕಿ ಹತ್ತಿರ ನಿಂತು ‘ಬಂತು, ಬಂತು, ಹೋಯ್ತು’ ಅನ್ನುವ ಕೆಲಸ ನನ್ನದು.

ಅಜ್ಜಿ ಟಿವಿಯ ಎದುರು ಕೂರುತ್ತಿರಲಿಲ್ಲ. ಸ್ವಲ್ಪ ಪಕ್ಕಕ್ಕೆ, ಗೋಡೆಗೆ ಒರಗಿ, ಮಣೆ ಹಾಕಿಕೊಂಡು ಕೂರುವಳು. ಮುಂದೆ ಕವಳದ ಹರಿವಾಣ. ಕೈಯಲ್ಲಿ ಅಡಕತ್ತರಿ. ಅಡಿಕೆಯನ್ನು ಎಲೆಯಷ್ಟು ತೆಳ್ಳಗೆ ಕತ್ತರಿಸುವುದು ಅವಳಿಗೆ ಕಣ್ಣು ಮುಚ್ಚಿಕೊಂಡೂ ಬರುತ್ತಿತ್ತು. ಧಾರಾವಾಹಿ ನಡೆಯುವಷ್ಟು ಹೊತ್ತೂ ಕಟ್, ಕಟ್ ಅಂತ ಆ ಸದ್ದು ಇರುತ್ತಿತ್ತು. ಕತೆಯಲ್ಲಿ ಏನಾದರೂ ಆಗುವ ಹಾಗಿದ್ದರೆ ಸದ್ದು ನಿಲ್ಲುತ್ತಿತ್ತು. ನಮಗೆ ಅದೇ ಸೂಚನೆ. ಅಡಕತ್ತರಿ ನಿಂತಿತು ಅಂದರೆ ಮುಂದಿನ ಪ್ರಶ್ನೆ ಬಂತು ಅಂತ ಅರ್ಥ.

‘ಎಂತ ಅಂದ ಅವ?’

ಉತ್ತರ ಹೇಳಬೇಕಾದವಳು ಚಿಕ್ಕಮ್ಮ. ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಸಣ್ಣ ಮಾವನಿಗೆ ಅಷ್ಟಕ್ಕಷ್ಟೆ. ಚಿಕ್ಕಮ್ಮ ಹಿಂದಿ ಪ್ರಚಾರ ಸಭೆಯ ಪರೀಕ್ಷೆ ಕಟ್ಟಿ, ಪ್ರಾಥಮಿಕ್, ಮಧ್ಯಮಾ ದಾಟಿ ರಾಷ್ಟ್ರಭಾಷಾ ಪಾಸಾಗಿದ್ದಳು. ಆಗ ನಮ್ಮ ಕಡೆ ಎಷ್ಟೋ ಮನೆಯ ಹೆಣ್ಣುಮಕ್ಕಳು ಹಾಗೆ ಸಂಜೆ ಹೊತ್ತು ಹಿಂದಿ ಪಾಠಕ್ಕೆ ಹೋಗುತ್ತಿದ್ದರು. ಕೆಲಸ ಸಿಗಬಹುದು ಅನ್ನುವ ಆಸೆ ಒಂದು ಕಡೆ, ಮನೆಯಿಂದ ಆಚೆ ಹೋಗಲು ಒಂದು ನೆಪ ಇನ್ನೊಂದು ಕಡೆ. ಹಾಗೆ ಕಲಿತ ಭಾಷೆ ಆ ನಡುಮನೆಯಲ್ಲಿ ನಮ್ಮೆಲ್ಲರ ಕೆಲಸಕ್ಕೆ ಬಂತು.

ಚಿಕ್ಕಮ್ಮ ಸಾಲು ಸಾಲಾಗಿ ಅನುವಾದ ಮಾಡುತ್ತಿರಲಿಲ್ಲ. ಅಷ್ಟು ಪುರುಸೊತ್ತು ಎಲ್ಲಿರುತ್ತದೆ? ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಅಲ್ಲಿ ನಾಲ್ಕು ಮಾತು ಆಗಿರುತ್ತದೆ. ಅವಳು ಎರಡು ನಿಮಿಷ ಕೇಳುವಳು, ತಿರುಗಿ ಅಜ್ಜಿಗೆ ಒಂದೇ ಉಸಿರಿಗೆ ಹೇಳುವಳು. ‘ಪಾಠ ಮಾಡಿಲ್ಲ ಅಮ್ಮ, ಅದಕ್ಕೆ ಹೊಟ್ಟೆನೋವು ತಲೆನೋವು ಅಂತಿದಾನೆ.’ ‘ಅವರಪ್ಪ ಬೈತಿದಾರೆ, ನಾಳೆ ಮೇಷ್ಟ್ರಿಗೆ ಕಾಗದ ಕೊಡ್ತಾರಂತೆ.’ ಸ್ವಾಮಿಯ ಮಾತನ್ನು ಹೇಳುವಾಗ ಅವಳ ದನಿ ಸಣ್ಣದಾಗುತ್ತಿತ್ತು. ಅಪ್ಪನ ಮಾತಿಗೆ ಗಂಟಲು ದಪ್ಪವಾಗುತ್ತಿತ್ತು. ನಾನು ಕಣ್ಣಲ್ಲಿ ಟಿವಿ ನೋಡುತ್ತಿದ್ದೆ, ಕಿವಿಯಲ್ಲಿ ಚಿಕ್ಕಮ್ಮನನ್ನು ಕೇಳುತ್ತಿದ್ದೆ. ಎರಡೂ ಒಂದೇ ಕಡೆಯಿಂದ ಬರುತ್ತಿದೆ ಅಂತ ಆ ವಯಸ್ಸಿನಲ್ಲಿ ನನಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿದೆ?

ಅಜ್ಜಿಯ ತವರು ತೀರ್ಥಹಳ್ಳಿಯ ಕಡೆ. ಸ್ವಾಮಿಯ ಮನೆ ಮೊದಲ ಸಲ ಕಂಡಾಗಲೇ ಅವಳು ‘ಇದು ನಮ್ಮ ಕಡೆ ಮನೆ’ ಅಂದುಬಿಟ್ಟಳು. ಆ ಕಂಬ, ಆ ಜಗಲಿ, ಒಳಗಿನ ಅಂಗಳಕ್ಕೆ ನಾಲ್ಕೂ ಕಡೆಯಿಂದ ಇಳಿದ ಮಾಡು. ಅದು ಆಗುಂಬೆ ಅಂತ ಆಮೇಲೆ ಯಾರೋ ಹೇಳಿದರು. ‘ನಮ್ಮ ಕಡೆ ಮನೇಲಿ ಕೂತ್ಕೊಂಡು ಇವರು ಯಾವ ಭಾಷೆ ಆಡ್ತಾರೆ?’ ಅಂತ ಅಜ್ಜಿ ಕೇಳಿದಳು. ‘ಹಿಂದಿ ಅಮ್ಮ, ಡೆಲ್ಲಿಯವರಿಗೂ ಗೊತ್ತಾಗ್ಬೇಕಲ್ಲ’ ಅಂದಳು ಚಿಕ್ಕಮ್ಮ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲಿಯವರಿಗೆ ಗೊತ್ತಾಗೋದು ಬೇಡ್ವಾ?’ ಅಂದಳು. ಅವಳು ಕೋಪದಲ್ಲಿ ಕೇಳಿದ್ದಲ್ಲ. ಗೊತ್ತಿಲ್ಲದ್ದಕ್ಕೆ ಕೇಳಿದ್ದು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಅಡಕತ್ತರಿ ಮತ್ತೆ ಶುರುವಾಯಿತು.

ಅಜ್ಜಿ ಕಲಿತ ಒಂದೇ ಒಂದು ಹಿಂದಿ ಪದ ‘ರುಕಾವಟ್’. ಪ್ರಸಾರ ನಿಂತುಹೋದಾಗ ಪರದೆ ಮೇಲೆ ಬರುತ್ತಿತ್ತಲ್ಲ, ಅಡ್ಡಿಗೆ ಕ್ಷಮೆ ಕೇಳುವ ಆ ಫಲಕ. ಚಿಕ್ಕಮ್ಮ ಅದನ್ನು ಓದಿ ಓದಿ ಅಜ್ಜಿಗೂ ಬಾಯಿಗೆ ಬಂದಿತ್ತು. ಕರೆಂಟು ಹೋದರೆ ರುಕಾವಟ್. ನಲ್ಲಿ ನೀರು ನಿಂತರೆ ರುಕಾವಟ್. ಬಸ್ಸು ಬರದಿದ್ದರೂ ಅದೇ. ಇವತ್ತಿಗೂ ನಮ್ಮ ಮನೆಗಳಲ್ಲಿ ಇಂಟರ್‌ನೆಟ್ ನಿಂತರೆ ಯಾರಾದರೊಬ್ಬರು ಆ ಪದ ಹೇಳುತ್ತಾರೆ.

ಸ್ಟೇಷನ್ನಿನ ಕಂತಿನ ದಿನ ನಡುಮನೆ ತುಂಬಾ ಜನ ಇದ್ದರು. ಪಕ್ಕದ ಮನೆಯ ಮಕ್ಕಳೂ ಬಂದಿದ್ದರು. ರೈಲು ಹೊರಡುವ ಹೊತ್ತಿಗೆ ಅಡಕತ್ತರಿ ನಿಂತಿತು. ಅರ್ಧ ಕತ್ತರಿಸಿದ ಅಡಿಕೆ ಅದರ ಬಾಯಲ್ಲೇ ಉಳಿದಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ಪರದೆ ನೋಡಲಾಗದೆ ಅಜ್ಜಿಯ ಕೈ ನೋಡುತ್ತಿದ್ದೆ. ‘ಎಂತ ಅಂದ ಅವ? ಆ ಹೋಗೋ ಹುಡುಗ ಎಂತ ಅಂದ?’ ಚಿಕ್ಕಮ್ಮ ತಿರುಗಿದಳು. ಒಂದು ಕ್ಷಣ ತಡೆದಳು. ಆಮೇಲೆ ಹೇಳಿದಳು.

‘ಬೇಸಿಗೆ ರಜಕ್ಕೆ ಬರ್ತೀನಿ ಅಂದ ಅಮ್ಮ.’

ನಮ್ಮವರೇ ಮಾಡಿದ್ದು

ಈಗ ಹಿಂದಿರುಗಿ ನೋಡಿದರೆ, ‘ಮಾಲ್ಗುಡಿ ಡೇಸ್’ ಮಾಡಿದವರ ಪಟ್ಟಿಯೇ ನನಗೆ ಜಾಸ್ತಿ ಕಾಡುವುದು. ನಿರ್ದೇಶನ ಶಂಕರ್ ನಾಗ್. ‘ಆಟೋ ರಾಜ’ನಾಗಿ ಕರ್ನಾಟಕದ ಆಟೋಗಳ ಹಿಂದೆಲ್ಲ ಚಿತ್ರವಾಗಿದ್ದ ಮನುಷ್ಯ. 1986-87ರ ಹೊತ್ತಿಗೆ ಅವರಿಗೆ ಮೂವತ್ತೆರಡು ವರ್ಷ ಅಷ್ಟೆ. ಒಂದು ಕಡೆ ಹೊಡೆದಾಟದ ಸಿನಿಮಾಗಳು, ಇನ್ನೊಂದು ಕಡೆ ನಾಟಕ, ಅದರ ನಡುವೆ ಇಷ್ಟು ಮೆದುವಾದ ಒಂದು ಕೆಲಸ. ನಿರ್ಮಾಪಕರು ಟಿ.ಎಸ್. ನರಸಿಂಹನ್. ಕ್ಯಾಮೆರಾ ಎಸ್. ರಾಮಚಂದ್ರ, ‘ಘಟಶ್ರಾದ್ಧ’ಕ್ಕೆ ಬೆಳಕು ಹಿಡಿದವರು. ಕಲಾ ನಿರ್ದೇಶನ ಜಾನ್ ದೇವರಾಜ್. ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಸಿಹಿತಿಂಡಿ ವ್ಯಾಪಾರಿಯ ಕತೆಯಲ್ಲಿ ಜಗನ್ ಅನ್ನುವ ಅಪ್ಪನ ಪಾತ್ರಕ್ಕೆ ಅನಂತ್ ನಾಗ್. ‘ತಿಂಗಳಿಗೆ 45 ರೂಪಾಯಿ’ ಕತೆಯ ಗುಮಾಸ್ತನಾಗಿ ವಿಷ್ಣುವರ್ಧನ್.

ಆ 45 ರೂಪಾಯಿಯ ಕತೆಯನ್ನು ನಾನು ಇವತ್ತಿಗೂ ಗಟ್ಟಿ ಮನಸ್ಸಿನಿಂದ ನೋಡಲಾರೆ. ಪುಟ್ಟ ಮಗಳಿಗೆ ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಅಪ್ಪ ಮಾತು ಕೊಟ್ಟಿರುತ್ತಾನೆ. ಮಗಳು ಬಟ್ಟೆ ಹಾಕಿಕೊಂಡು ಕಾಯುತ್ತಾಳೆ. ಆಫೀಸು ಅವನನ್ನು ಬಿಡುವುದಿಲ್ಲ. ಅವನು ಮನೆಗೆ ಬರುವಷ್ಟರಲ್ಲಿ ಮಗು ಅದೇ ಬಟ್ಟೆಯಲ್ಲಿ ಮಲಗಿಬಿಟ್ಟಿರುತ್ತದೆ. ಇಡೀ ಕತೆಯಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ಕೊಟ್ಟ ಮಾತು, ಕಾಯುವ ಮಗು, ಅಷ್ಟೇ. ಇದನ್ನು ಮಕ್ಕಳ ಕಾರ್ಯಕ್ರಮ ಅಂತ ಯಾರೂ ಕರೆಯಲಿಲ್ಲ. ಆದರೆ ಮಕ್ಕಳ ಮನಸ್ಸು ಇಷ್ಟು ಚೆನ್ನಾಗಿ ಗೊತ್ತಿದ್ದ ಇನ್ನೊಂದು ಧಾರಾವಾಹಿಯನ್ನು ನಾನಂತೂ ನೋಡಿಲ್ಲ. ಮಕ್ಕಳಿಗೆ ನೀತಿ ಹೇಳಬೇಕು ಅಂತ ಅದು ಎಲ್ಲೂ ಹೊರಡುವುದಿಲ್ಲ. ಮಗು ಹೆದರಿದರೆ ಹೆದರಿಕೆ ನಿಜ ಅಂತ ಒಪ್ಪಿಕೊಳ್ಳುತ್ತದೆ. ಸುಳ್ಳು ಹೇಳಿದರೆ ಯಾಕೆ ಹೇಳಿತು ಅಂತ ಪಕ್ಕದಲ್ಲಿ ಕೂತು ನೋಡುತ್ತದೆ.

ಇಷ್ಟು ಜನ ಕನ್ನಡದವರು, ಇಲ್ಲಿಯದೇ ಮಳೆ, ಇಲ್ಲಿಯದೇ ಹೆಂಚು, ಇಲ್ಲಿಯ ಮಕ್ಕಳು ಸೇರಿ ಮಾಡಿದ್ದು ಹಿಂದಿಯಲ್ಲಿ. ಮೊದಲ 13 ಕಂತುಗಳು ಇಂಗ್ಲಿಷಿನಲ್ಲೂ ತಯಾರಾದವು. ಕನ್ನಡದಲ್ಲಿ ಇಲ್ಲ. ಕಾರಣ ಆಗಿನ ಟಿವಿ ಇದ್ದ ರೀತಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಕನ್ನಡಕ್ಕೆ ಸಿಗುತ್ತಿದ್ದದ್ದು ಕೆಲವೇ ಗಂಟೆಗಳು. ಇಡೀ ದೇಶ ಒಟ್ಟಿಗೆ ನೋಡುವ ಹೊತ್ತು ರಾಷ್ಟ್ರೀಯ ಪ್ರಸಾರದ್ದು, ಅದರ ಭಾಷೆ ಹಿಂದಿ. 1984ರಲ್ಲಿ ‘ಹಮ್ ಲೋಗ್’ ಬಂದ ಮೇಲೆ ಧಾರಾವಾಹಿಗೆ ದುಡ್ಡು ಹಾಕುವ ಕಂಪನಿಗಳು ಸಾಲು ನಿಂತವು, ಆದರೆ ಅವರ ಕಣ್ಣೂ ದೇಶದ ಮೇಲೆ. 39 ಕಂತು ಇಷ್ಟು ಚೆನ್ನಾಗಿ ಮಾಡುವಷ್ಟು ಹಣ ಬರಲು ಆಗ ಇದ್ದ ದಾರಿ ಅದೊಂದೇ. ಶಂಕರ್ ನಾಗ್ ಆ ದಾರಿ ಹಿಡಿದದ್ದು ತಪ್ಪು ಅಂತ ನಾನು ಯಾವತ್ತೂ ಹೇಳಲಾರೆ. ಹಿಡಿಯದೇ ಇದ್ದಿದ್ದರೆ ಸ್ವಾಮಿಯೇ ಇರುತ್ತಿರಲಿಲ್ಲ, ಅಲ್ವಾ?

ಮತ್ತೆ ನೋಡಿದರೆ ಸ್ವಾಮಿಗೆ ತನ್ನದು ಅಂತ ಒಂದು ಭಾಷೆ ಇದ್ದದ್ದಾದರೂ ಯಾವಾಗ? ನಾರಾಯಣ್ ಮದ್ರಾಸಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ತಮಿಳು ಮನೆಯವರು. ಸ್ವಾಮಿ ಮನೆಯಲ್ಲಿ ಆಡುವುದು ತಮಿಳು ಅಂತ ಓದುವವರಿಗೆ ಗೊತ್ತಾಗುತ್ತದೆ. ಅವರು ಅದನ್ನು ಇಂಗ್ಲಿಷಿನಲ್ಲಿ ಬರೆದರು. ಶಂಕರ್ ನಾಗ್ ಅದನ್ನು ಮಲೆನಾಡಿಗೆ ತಂದು ಹಿಂದಿಯಲ್ಲಿ ಆಡಿಸಿದರು. ಚಿಕ್ಕಮ್ಮ ಅದನ್ನು ಎತ್ತಿಕೊಂಡು ಶಿವಮೊಗ್ಗದ ಕನ್ನಡಕ್ಕೆ ಇಳಿಸಿದಳು. ಪ್ರತಿಯೊಬ್ಬರೂ ಎದುರಿಗೆ ಕೂತವರಿಗೆ ಕತೆ ಮುಟ್ಟಲಿ ಅಂತಲೇ ಹಾಗೆ ಮಾಡಿದ್ದು.

ಭಾಷೆಯ ತಂಟೆಯೇ ಇಲ್ಲದ್ದು ಒಂದಿತ್ತು. ಶುರುವಿನ ಸಂಗೀತ. ಆರ್.ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರಗಳ ಜೊತೆ ಬರುತ್ತಿದ್ದ ಆ ‘ತಾನ ನಾನ ನಾ’. ಮಾಡಿದವರು ಎಲ್. ವೈದ್ಯನಾಥನ್. ‘ಅಪರಿಚಿತ’ ಸಿನಿಮಾಕ್ಕೆ ಸಂಗೀತ ಕೊಟ್ಟವರೂ ಅವರೇ. ಆ ರಾಗ ಬಂದ ಕೂಡಲೇ ಅಜ್ಜಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುವಳು. ಅದಕ್ಕೆ ಮಾತ್ರ ಅವಳು ಯಾರನ್ನೂ ಅರ್ಥ ಕೇಳಲಿಲ್ಲ.

ಮಕ್ಕಳ ಪಾಲು

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಅಜ್ಜಿಯ ಪ್ರಶ್ನೆಗೆ ಇನ್ನೊಂದು ಉತ್ತರವೂ ಇತ್ತು. ಡಬ್ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಅಂತ ಕನ್ನಡದವರಿಗೆ ವಿವರಿಸಿ ಹೇಳುವುದು ಬೇಡ. 1960ರ ದಶಕದಲ್ಲಿ ಕಾದಂಬರಿಕಾರ ಅನಕೃ ಅಂಥವರು ಮುಂದೆ ನಿಂತು ಡಬ್ಬಿಂಗ್ ವಿರುದ್ಧ ಹೋರಾಡಿದಾಗ ಅದಕ್ಕೆ ಕಾರಣ ಇತ್ತು. ಕನ್ನಡ ಚಿತ್ರರಂಗ ಆಗ ತುಂಬಾ ಚಿಕ್ಕದು. ಬೆಂಗಳೂರಿನ ಥಿಯೇಟರುಗಳಲ್ಲೇ ಕನ್ನಡ ಸಿನಿಮಾಕ್ಕೆ ಜಾಗ ಸಿಗುವುದು ಕಷ್ಟ ಇದ್ದ ಕಾಲ. ಇಲ್ಲಿಯ ಕಲಾವಿದರು, ಕೆಲಸಗಾರರು ಬದುಕಬೇಕಿತ್ತು. ಆ ಹೋರಾಟ ಇಲ್ಲದಿದ್ದರೆ ಮುಂದೆ ಬಂದ ಎಷ್ಟೋ ಒಳ್ಳೆಯ ಕನ್ನಡ ಸಿನಿಮಾಗಳು ಬರುತ್ತಿರಲಿಲ್ಲ ಅನ್ನುವುದನ್ನು ನಾನೂ ನಂಬುತ್ತೇನೆ.

ಆದರೆ ಆ ಬೇಲಿ ಟಿವಿಗೂ ಹಬ್ಬಿತು. ಕಾನೂನು ಇರಲಿಲ್ಲ. ಸುಮ್ನೆ ಒಂದು ಕಟ್ಟುಪಾಡು. ಅದರೊಳಗೆ ಮಕ್ಕಳ ಕಾರ್ಯಕ್ರಮಗಳೂ ಸಿಕ್ಕಿಕೊಂಡವು. ಮೋಗ್ಲಿ ನಮಗೆ ಹಿಂದಿಯಲ್ಲೇ ಬಂದ. ಆಮೇಲೆ ಶಕ್ತಿಮಾನ್ ಬಂದ, ಅವನದೂ ಹಿಂದಿ. ನಮ್ಮ ಮಕ್ಕಳು ಅರ್ಧ ಅರ್ಥ ಮಾಡಿಕೊಂಡು, ಇನ್ನರ್ಧ ಊಹೆ ಮಾಡಿಕೊಂಡು ನೋಡಿದರು. ಹಾಗೆ ನೋಡಿ ಹಿಂದಿ ಕಲಿತೆವು, ಒಳ್ಳೆಯದೇ ಆಯಿತು ಅನ್ನುವವರು ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಚಿಕ್ಕಮ್ಮ ಇಲ್ಲದ ಮನೆಗಳು ಎಷ್ಟಿದ್ದವು? ಆ ಮನೆಗಳಲ್ಲಿ ಅಡಕತ್ತರಿ ನಿಂತು, ‘ಎಂತ ಅಂದ ಅವ?’ ಅಂತ ಪ್ರಶ್ನೆ ಬಂದಾಗ ಯಾರು ಉತ್ತರ ಕೊಟ್ಟರು? ಮಗುವೊಂದು ತನ್ನ ಮನೆ ಮಾತಿನಲ್ಲಿ ಕತೆ ಕೇಳುವುದು ಯಾರ ಅನ್ನವನ್ನೂ ಕಿತ್ತುಕೊಳ್ಳುತ್ತಿರಲಿಲ್ಲ. ದೊಡ್ಡವರ ಸಿನಿಮಾಕ್ಕೆ ಹಾಕಿದ ಬೇಲಿಯಲ್ಲಿ ಮಕ್ಕಳಿಗೆ ಒಂದು ದಣಪೆ ಇಡಬೇಕಿತ್ತು. ಇಡಲಿಲ್ಲ ಅನ್ನುವ ನೋವು ನನಗಿದೆ.

ಕನ್ನಡದ ಮಕ್ಕಳಿಗೇ ಅಂತ ಒಂದು ಚಾನೆಲ್, ಚಿಂಟು ಟಿವಿ, ಬಂದದ್ದು 2009ರಲ್ಲಿ. ಡೋರಾ ಕನ್ನಡ ಮಾತಾಡಿದ್ದು ಆಗಲೇ. ಅಕ್ಕನ ಮಗಳು ಆಗ ಮೂರು ವರ್ಷದವಳು. ಡೋರಾ ಪರದೆಯಿಂದ ಪ್ರಶ್ನೆ ಕೇಳಿ ಕಾಯುವಾಗ ಅವಳು ಕೂತಲ್ಲಿಂದ ಎದ್ದು ನಿಂತು ಜೋರಾಗಿ ಉತ್ತರ ಕೊಡುವಳು. ಅವಳಿಗೆ ಪಕ್ಕದಲ್ಲಿ ಯಾರೂ ಅರ್ಥ ಹೇಳುವವರು ಬೇಕಾಗಿರಲಿಲ್ಲ. ಅದನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು, ಸ್ವಲ್ಪ ಹೊಟ್ಟೆ ಉರಿದೂ ಹೋಯಿತು. 2015ರಲ್ಲಿ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ದೊಡ್ಡವರ ಬೇಲಿಯೂ ಸಡಿಲವಾಯಿತು. ಕೊನೆಗೆ 2020ರ ಲಾಕ್‌ಡೌನ್ ಹೊತ್ತಿಗೆ ‘ಮಾಲ್ಗುಡಿ ಡೇಸ್’ ಕನ್ನಡದ ದನಿಯಲ್ಲಿ ಟಿವಿಗೆ ಬಂತು. ಮೂವತ್ತು ವರ್ಷ ದಾಟಿತ್ತು. ಅಜ್ಜಿ ಹೋಗಿ ಬಹಳ ಕಾಲ ಆಗಿತ್ತು. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದೇ ದಾವಣಗೆರೆ ಹತ್ತಿರ ಆನಗೋಡಿನ ಅಪಘಾತದಲ್ಲಿ, 35 ವರ್ಷಕ್ಕೇ ಹೋಗಿದ್ದರು. ವೈಶಾಲಿ ಕಾಸರವಳ್ಳಿ 2010ರಲ್ಲಿ, ಕಾರ್ನಾಡರು 2019ರಲ್ಲಿ. ತೆರೆಯ ಮೇಲೆ ಮಾತ್ರ ಸ್ವಾಮಿಯ ಮನೆ ತುಂಬಿತ್ತು.

ನಾನು ಕೂತು ನೋಡಿದೆ. ದನಿ ಕೊಟ್ಟವರು ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ ಅನ್ನಿಸಿತು. ಆದರೂ ಅದು ನನ್ನ ಸ್ವಾಮಿಯ ದನಿ ಆಗಲಿಲ್ಲ. ಅವರದ್ದು ತಪ್ಪಲ್ಲ. ಆ ಜಾಗ ಮೊದಲೇ ಭರ್ತಿಯಾಗಿತ್ತು.

ಅರಸಾಳಿನ ಪ್ಲಾಟ್‌ಫಾರ್ಮ್

ಆ ನಿದ್ದೆಗೆಟ್ಟ ರಾತ್ರಿ ಕಳೆದ ಎರಡು ವಾರಕ್ಕೆ ಊರಿಗೆ ಹೋಗುವುದಿತ್ತು. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಆಗುಂಬೆಗೆ ಹೋದೆ. ಸ್ವಾಮಿಯ ಮನೆಯಾಗಿದ್ದ ಅಲ್ಲಿಯ ದೊಡ್ಡಮನೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೊಸದಾಗಿ ಹೇಳುವುದೇನಿಲ್ಲ. ಕಂಬಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಜನರ ಕೈ ತಾಗಿ ತಾಗಿ ನುಣುಪಾದ ಮರ. ಅಂಗಳದಲ್ಲಿ ಮಳೆ ನೀರು ಹೆಂಚಿನ ಅಂಚಿನಿಂದ ದಾರದ ಹಾಗೆ ಇಳಿಯುತ್ತಿತ್ತು. ಬಣ್ಣದಲ್ಲಿ ಇಷ್ಟು ಚೆಂದ ಇದೆ ಅಂತ ನಮ್ಮ ಬ್ಲಾಕ್ ಅಂಡ್ ವೈಟ್ ಟಿವಿ ಹೇಳಿಯೇ ಇರಲಿಲ್ಲ.

ಅಲ್ಲಿಂದ ಅರಸಾಳಿಗೆ ಬಂದೆ. ಹೊಸನಗರ ತಾಲೂಕು, ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿರುವ ಪುಟ್ಟ ಸ್ಟೇಷನ್. ಸ್ವಾಮಿ ರಾಜಂನನ್ನು ಕಳಿಸಿಕೊಟ್ಟ ಮಾಲ್ಗುಡಿ ಸ್ಟೇಷನ್ ಇದೇ. ಆಗ ಇಲ್ಲಿ ಮೀಟರ್ ಗೇಜ್ ಹಳಿ. ಹಳಿ ಅಗಲವಾದ ಮೇಲೆ ಹಳೆಯ ಕಟ್ಟಡ ಕೆಲಸಕ್ಕೆ ಬಾರದೆ ಉಳಿದಿತ್ತು. ಅದನ್ನೇ ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಹೆಂಚಿನ ಮಾಡು, ದಪ್ಪ ಗೋಡೆ, ಸಣ್ಣ ಸಣ್ಣ ಕಿಟಕಿ. ಇಂಥದ್ದೊಂದು ಕಟ್ಟಡವನ್ನು ಒಡೆದು ಹಾಕದೆ ಉಳಿಸಿಕೊಂಡರಲ್ಲ ಅಂತ ನಿಜವಾಗಿಯೂ ಕೃತಜ್ಞತೆ ಅನ್ನಿಸಿತು. ಒಳಗೆ ಒಂದು ಸುತ್ತು ಹಾಕಿ ಬಂದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಯಾರೂ ಇರಲಿಲ್ಲ. ಆಚೆ ಕಾಡಿನ ಅಂಚು, ಒದ್ದೆ ಹಳಿ.

ಅಲ್ಲಿ ಕೂತಾಗ ದೊಡ್ಡ ಮಾವನ ನೆನಪು ಬಂತು. ಅಜ್ಜಿಯ ಹಿರೀ ಮಗ. ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಅವನು ಮೊದಲ ಸಲ ಊರು ಬಿಟ್ಟಾಗ ಅಜ್ಜಿ ಶಿವಮೊಗ್ಗದ ಸ್ಟೇಷನ್ನಿಗೆ ಹೋಗಿ ಕಳಿಸಿಕೊಟ್ಟು ಬಂದಿದ್ದಳಂತೆ. ಆಮೇಲೆ ನಾನು ಕಂಡದ್ದು ಅವನ ಕಾಗದಗಳನ್ನು. ನೀಲಿ ಇನ್‌ಲ್ಯಾಂಡ್ ಲೆಟರ್. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದರೆ ಅಜ್ಜಿ ಬಾಗಿಲಿಗೆ ಬಂದುಬಿಡುವಳು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳುವವಳು ಚಿಕ್ಕಮ್ಮನೇ. ಜಗಲಿಯ ಮೇಲೆ ಇಬ್ಬರೂ ಎದುರುಬದುರು ಕೂರುವರು. ಅಜ್ಜಿ ಕಾಗದ ನೋಡುತ್ತಿರಲಿಲ್ಲ, ಚಿಕ್ಕಮ್ಮನ ಮುಖ ನೋಡುತ್ತಿದ್ದಳು. ಕ್ಷೇಮ ಸಮಾಚಾರ, ಅಲ್ಲಿಯ ಚಳಿ, ಕಳಿಸಿದ ಮನಿಯಾರ್ಡರ್, ಎಲ್ಲ ಆದ ಮೇಲೆ ಕೊನೆಗೆ ಯಾವಾಗಲೂ ಒಂದು ಸಾಲು ಬರುತ್ತಿತ್ತು. ಬೇಸಿಗೆ ರಜಕ್ಕೆ ಬರ್ತೀನಿ. ಆ ಸಾಲು ಕೇಳಿದ ಮೇಲೆ ಅಜ್ಜಿ ಕಾಗದ ಇಸಕೊಂಡು, ಮಡಚಿ, ದೇವರ ಗೂಡಿನ ಪಕ್ಕದ ತಗಡಿನ ಡಬ್ಬಿಯಲ್ಲಿ ಇಡುವಳು. ಕೆಲವು ವರ್ಷ ದೊಡ್ಡ ಮಾವ ಬಂದ. ಜಾಸ್ತಿ ವರ್ಷ ಬರಲಿಲ್ಲ.

ಮೊಬೈಲಿಗೆ ಸಿಗ್ನಲ್ ಒಂದೇ ಗೆರೆ ಇತ್ತು. ಬೆಂಚಿನಿಂದ ಎದ್ದು ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಈಗ ಅರವತ್ತರ ಹತ್ತಿರ. ಹಿಂದಿ ಟೀಚರಾಗಿ ರಿಟೈರ್ ಆಗಿದ್ದಾಳೆ. ಎಲ್ಲಿದೀಯ, ಊಟ ಆಯ್ತಾ ಅಂತೆಲ್ಲ ಕೇಳಿದ ಮೇಲೆ ನಾನು ವಿಷಯಕ್ಕೆ ಬಂದೆ. ‘ಚಿಕ್ಕಮ್ಮ, ಮಾಲ್ಗುಡಿಯ ಕೊನೇ ಕಂತಿನಲ್ಲಿ ರಾಜಂ ಏನೂ ಹೇಳೋದೇ ಇಲ್ಲ. ಬೇಸಿಗೆ ರಜಕ್ಕೆ ಬರ್ತೀನಿ ಅಂದ ಅಂತ ನೀನು ಅಜ್ಜಿಗೆ ಹೇಳಿದ್ದೆ. ನೆನಪಿದೆಯಾ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ ಆಯಿತೇನೋ ಅಂತ ಮೊಬೈಲ್ ನೋಡಿಕೊಂಡೆ.

‘ನೆನಪಿದೆ ಕಣೋ’ ಅಂದಳು. ‘ಆ ವರ್ಷ ಅಣ್ಣ ಬಂದಿರ್ಲಿಲ್ಲ. ಅಮ್ಮ ಟಿವಿ ನೋಡೋದು ಬಿಟ್ಟು ನನ್ನ ಮುಖಾನೇ ನೋಡ್ತಾ ಕೂತಿದ್ಲು. ಕಾಗದ ಓದುವಾಗ ನೋಡ್ತಿದ್ದ ಹಾಗೇ. ಇನ್ನೇನು ಹೇಳ್ಲಿ ಹೇಳು?’

ನಾನು ಸುಮ್ಮನಿದ್ದೆ. ಅವಳೇ ಮತ್ತೆ ಹೇಳಿದಳು.

‘ಅಣ್ಣನ ಕಾಗದದಲ್ಲೂ ಎಷ್ಟೋ ಸಲ ಆ ಸಾಲು ಇರ್ತಿರ್ಲಿಲ್ಲ.’